ಬೇಟೆಗಾರನನ್ನು ಮರೆಮಾಡುವ ಮಳೆ, ಜಾಡನ್ನೂ ಅಳಿಸುವ ಮಳೆ

ಅಲಾಸ್ಕಾದ ಆಗ್ನೇಯ ಭಾಗದಲ್ಲಿ, ಕೆನಡಾದ ಗಡಿಗುಂಟ ಹಬ್ಬಿದ ಕರಾವಳಿ ಮತ್ತು ದ್ವೀಪಗಳ ಮೇಲೆ ಟಾಂಗಸ್ ಎಂಬ ಕಾಡಿದೆ. ವಿಸ್ತೀರ್ಣ ಸುಮಾರು 68 ಲಕ್ಷ ಹೆಕ್ಟೇರ್. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಅಲ್ಲಿನ ಕೆಚಿಕನ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟು. ಮಡಿಕೇರಿಯ ಮಳೆ ಬಹುಪಾಲು ಮುಂಗಾರಿನಲ್ಲೇ ಸುರಿದು ಮುಗಿಯುತ್ತದೆ. ಅಲ್ಲಿ ವರ್ಷವಿಡೀ ಸುರಿಯುತ್ತದೆ, ಅಕ್ಟೋಬರ್‌ನಲ್ಲಿ ಎಲ್ಲಕ್ಕಿಂತ ಜೋರು. ಜಿಂಕೆ ಬೇಟೆಯ ಋತುವೂ ಅದೇ. ಆಗಸ್ಟ್‌ನಲ್ಲಿ ಶುರುವಾಗಿ ಬಹುತೇಕ ಕಡೆ ಡಿಸೆಂಬರ್‌ವರೆಗೆ ನಡೆಯುತ್ತದೆ, ನವೆಂಬರ್ ಜಿಂಕೆಗಳಿಗೆ ಬೆದೆಗಾಲ. ಮಳೆ ಬಿಡಲಿ ಎಂದು ಕಾದು ಕೂತರೆ ಆ ವರ್ಷದ ಮಾಂಸವೇ ಇಲ್ಲ. ಟ್ಲಿಂಗಿಟ್ ಮತ್ತು ಹೈಡಾ ಎಂಬ ಮೂಲನಿವಾಸಿ ಸಮುದಾಯಗಳೂ ಸೇರಿ ಅಲ್ಲಿನ ಎಷ್ಟೋ ಮನೆಗಳಿಗೆ ಸಿಟ್ಕಾ ಕಪ್ಪುಬಾಲದ ಜಿಂಕೆ ಚಳಿಗಾಲದ ಊಟ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕರಡಿಗಳ ಬೇಟೆ ಅಪರಾಧ. ಅದು ಹಾಗೇ ಇರಬೇಕೆಂದು ನಾನು ಬಯಸುತ್ತೇನೆ. ಆದರೆ ಮಳೆಯಲ್ಲಿ ಸದ್ದು, ವಾಸನೆ, ಶಾಖ ಹೇಗೆ ವರ್ತಿಸುತ್ತವೆ ಎಂಬುದು ಎಲ್ಲ ಕಾಡಿಗೂ ಒಂದೇ. ಮುಂಗಾರಿನಲ್ಲಿ ಬಂಡೀಪುರದ ಕಾಡಿನೊಳಗೆ ಗಸ್ತು ತಿರುಗುವ ಅರಣ್ಯ ವೀಕ್ಷಕರಿಗೂ ಇದು ದಿನನಿತ್ಯದ ಸಂಗತಿ.

ಮೊದಲು ಸದ್ದು. ಒಣಗಿದ ತರಗೆಲೆಯ ನಾರು ಗಡುಸು, ಕಾಲಿಟ್ಟರೆ ಬಾಗುವುದಿಲ್ಲ, ಮುರಿಯುತ್ತದೆ. ಆ ಚರಚರ ಸದ್ದಿನಲ್ಲಿ ಎತ್ತರದ ಸ್ವರಗಳೇ ಹೆಚ್ಚು. ಜಿಂಕೆಯ ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 4ರಿಂದ 8 ಕಿಲೋಹರ್ಟ್ಸ್ ನಡುವೆ. ಹಾಗಾಗಿ ಒಣಹವೆಯಲ್ಲಿ ಕಾಡಿನೊಳಗೆ ಹೆಜ್ಜೆ ಇಟ್ಟವನು ತನ್ನ ಬರವನ್ನು ತಾನೇ ಸಾರಿದ ಹಾಗೆ. ಒಂದು ರಾತ್ರಿ ಸೋನೆ ಹಿಡಿದರೆ ಸಾಕು, ಎಲೆಯ ನಾರಿನೊಳಗೆ ನೀರು ಸೇರಿ ಅದು ಮೆತ್ತಗಾಗುತ್ತದೆ, ಮುರಿಯುವ ಬದಲು ಬಾಗುತ್ತದೆ. ಸಣ್ಣ ಕಡ್ಡಿಯೂ ಫಟ್ಟೆನ್ನುವುದಿಲ್ಲ. ಅದರ ಮೇಲೆ ಎಲೆಗೆ ಹನಿ ಬಡಿಯುವ ಸದ್ದು ಬೇರೆ. ಎಲ್ಲ ಕಂಪನಗಳಲ್ಲೂ ಹರಡಿದ ಆ ಮೊರೆತದಲ್ಲಿ ಉಳಿದ ಸಣ್ಣಪುಟ್ಟ ಸದ್ದೆಲ್ಲ ಮುಳುಗಿಹೋಗುತ್ತದೆ. ಜಿಂಕೆಗೆ ಮನುಷ್ಯ ಕೇಳಿಸುವುದಿಲ್ಲ, ಮನುಷ್ಯನಿಗೆ ಕರಡಿಯೂ ಕೇಳಿಸುವುದಿಲ್ಲ. ಮಳೆಯಲ್ಲಿ ಗಸ್ತಿಗೆ ಹೋದವರು ತಿರುವಿನಲ್ಲಿ ಹಠಾತ್ತನೆ ಆನೆಯ ಎದುರು ನಿಲ್ಲುವ ಅಪಾಯವೂ ಇದರಿಂದಲೇ.

ವಾಸನೆಯ ವಿಷಯ ಇಷ್ಟು ಸರಳವಲ್ಲ. 'ಮಳೆ ವಾಸನೆಯನ್ನು ತೊಳೆದುಬಿಡುತ್ತದೆ' ಎಂಬ ಮಾತು ಅರ್ಧ ನಿಜ. ನಮ್ಮ ಮೈಯಿಂದ ಸತ್ತ ಚರ್ಮದ ಸಣ್ಣ ಸಣ್ಣ ಚೂರುಗಳು ಸದಾ ಉದುರುತ್ತಲೇ ಇರುತ್ತವೆ. ಅವುಗಳ ಮೇಲೆ ಬ್ಯಾಕ್ಟೀರಿಯಾ, ಬೆವರು, ಎಣ್ಣೆಯ ಅಂಶ. ಸೆಕೆಂಡಿಗೆ ಆರೇಳು ಮೀಟರ್ ವೇಗದಲ್ಲಿ ಬೀಳುವ ಹನಿಗೆ ಈ ಗಾತ್ರದ ಕಣಗಳು ಚೆನ್ನಾಗಿ ಸಿಕ್ಕಿಬೀಳುತ್ತವೆ. ಅದಕ್ಕಿಂತ ತೀರಾ ಸಣ್ಣವು, ಮೈಕ್ರಾನ್‌ನ (ಮಿಲಿಮೀಟರಿನ ಸಾವಿರದ ಒಂದು ಪಾಲು) ಹತ್ತನೇ ಒಂದು ಭಾಗದಿಂದ ಒಂದು ಮೈಕ್ರಾನ್‌ವರೆಗಿನವು, ಹನಿಯ ಸುತ್ತ ಸರಿಯುವ ಗಾಳಿಯ ಜತೆಗೇ ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳುತ್ತವೆ. ಆವಿಯಾಗಿ ತೇಲುವ ಅಣುಗಳಲ್ಲಿ ನೀರಿನಲ್ಲಿ ಕರಗುವವು ಮಾತ್ರ ಹನಿಯ ಜತೆ ನೆಲ ಸೇರುತ್ತವೆ, ಉಳಿದವು ಗಾಳಿಯಲ್ಲೇ ಇರುತ್ತವೆ. ಧೋ ಎಂದು ಸುರಿಯುವಾಗ ವಾಸನೆ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ.

ತುಂತುರು ಮಳೆಯಲ್ಲಿ ಲೆಕ್ಕ ತಿರುಗುಮುರುಗು. ಮಣ್ಣು, ತೊಗಟೆ, ಪಾಚಿಗೆ ಅಂಟಿಕೊಂಡ ವಾಸನೆಯ ಅಣುಗಳ ಜಾಗವನ್ನು ನೀರಿನ ಅಣುಗಳು ಕಿತ್ತುಕೊಂಡು ಅವನ್ನು ಗಾಳಿಗೆ ಬಿಡುತ್ತವೆ. ಮೋಡ ಮುಸುಕಿ ನೆಲ ಕಾಯದೇ ಇರುವುದರಿಂದ ಗಾಳಿ ಮೇಲೇಳುವುದೂ ಕಡಿಮೆ. ವಾಸನೆ ಚದುರದೆ ನೆಲದ ಮಟ್ಟದಲ್ಲೇ, ಅಂದರೆ ಜಿಂಕೆಯ ಮೂಗಿನ ಎತ್ತರದಲ್ಲೇ ತೂಗಾಡುತ್ತದೆ. ಮಳೆಯನ್ನು ನಂಬಿ ಗಾಳಿಯ ದಿಕ್ಕು ನೋಡದೆ ನಡೆಯುವುದು ತಪ್ಪು ಎಂದು ನುರಿತವರು ಹೇಳುವುದಕ್ಕೆ ಇಂಥ ಆಧಾರವಿದೆ.

ಕಣ್ಣಿನ ಮಾತು ಚುಟುಕಾಗಿ ಹೇಳಬಹುದು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ. ಕೆಂಪು, ಕಿತ್ತಳೆ ಅದಕ್ಕೆ ಎದ್ದು ಕಾಣುವುದಿಲ್ಲ. ಮಂಜು ಮಳೆಯಲ್ಲಿ ಕಿತ್ತಳೆ ಅಂಗಿ ತೊಟ್ಟವನನ್ನು ಇನ್ನೊಬ್ಬ ಬೇಟೆಗಾರ ಗುರುತಿಸುತ್ತಾನೆ, ಜಿಂಕೆ ಗುರುತಿಸುವುದಿಲ್ಲ. ಇದರಿಂದ ತಪ್ಪು ಗುಂಡಿಗೆ ಸಿಗದೆ ಅಂಗಿ ತೊಟ್ಟವನ ಜೀವ ಉಳಿಯುತ್ತದೆ.

ಇಷ್ಟು ಮಳೆಯಲ್ಲಿ ಪ್ರಾಣಿಗಳು ಹೇಗೆ ಬದುಕುತ್ತವೆ? ಜಿಂಕೆಯ ಚಳಿಗಾಲದ ರೋಮವನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ಗಾಳಿ ತುಂಬಿದ ಗೂಡುಗಳು. ಹೊರಗೆ ಎಣ್ಣೆಯ ಪಸೆ, ಬುಡದಲ್ಲಿ ನವಿರಾದ ಉಣ್ಣೆ. ನೀರು ಮೇಲಿನಿಂದಲೇ ಜಾರಿಹೋಗುತ್ತದೆ, ಚರ್ಮದವರೆಗೆ ಇಳಿಯುವುದು ಅಪರೂಪ. ಕರಡಿ ಮೈ ಕೊಡವುತ್ತದೆ. ಜಾರ್ಜಿಯಾ ಟೆಕ್ ಸಂಸ್ಥೆಯ ಡೇವಿಡ್ ಹೂ ಮತ್ತು ಸಂಗಡಿಗರು ಇಲಿಯಿಂದ ಕರಡಿಯವರೆಗೆ ಪ್ರಾಣಿಗಳು ಮೈ ಕೊಡವುವುದನ್ನು ಚಿತ್ರೀಕರಿಸಿ 2012ರಲ್ಲಿ ಪ್ರಕಟಿಸಿದರು. ಚಿಕ್ಕಿಲಿ ಸೆಕೆಂಡಿಗೆ ಸುಮಾರು 30 ಸಲ ಕೊಡವಬೇಕು, ಕರಡಿಗೆ ನಾಲ್ಕು ಸಲ ಸಾಕು. ಒಂದೇ ಲಯದಲ್ಲಿ ಕೊಡವಿದರೆ ಮೈ ಅಗಲವಾದಷ್ಟೂ ಹೊರ ಅಂಚಿನ ವೇಗ ಹೆಚ್ಚು, ಹನಿಯನ್ನು ಕಿತ್ತೆಸೆಯುವ ಬಲವೂ ಹೆಚ್ಚು.

ಮನುಷ್ಯನಿಗೆ ಇದ್ಯಾವುದೂ ಇಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅದಕ್ಕೇ ಹಿಮ ಬೀಳುವ ಒಣಚಳಿಗಿಂತ ಐದು ಡಿಗ್ರಿಯ ಮಳೆ ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಹತ್ತಿ ಬಟ್ಟೆ ನೆನೆದರೆ ನೂಲಿನ ನಡುವಿನ ಗಾಳಿಯ ಜಾಗವೆಲ್ಲ ನೀರಿನ ಪಾಲಾಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡು, ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಮೈ ತಣ್ಣಗಾಗುತ್ತ ಬಂದಾಗ ಮೊದಲು ಕೆಡುವುದು ಬೆರಳಿನ ಹಿಡಿತ, ಆಮೇಲೆ ತೀರ್ಮಾನಿಸುವ ಶಕ್ತಿ. ಬಂದೂಕು ಹಿಡಿದವನಿಗೆ ಬೇಕಾದವು ಇವೆರಡೇ.

ಹನಿ ತಗುಲಿ ಗುಂಡು ದಿಕ್ಕು ತಪ್ಪುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 25 ಮಿ.ಮೀ. ಸುರಿಯುವ ಜೋರು ಮಳೆಯಲ್ಲೂ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು ಒಂದು ಗ್ರಾಂ. ಎಲ್ಲವೂ ಎರಡು ಮಿ.ಮೀ. ದಪ್ಪದ ಹನಿಗಳು ಎಂದುಕೊಂಡರೆ ಅಂಥ 240 ಹನಿಗಳು. ಎಂಟು ಮಿ.ಮೀ. ದಪ್ಪದ ಗುಂಡು ನೂರು ಮೀಟರ್ ಸಾಗುವಾಗ ಅದರ ದಾರಿಗೆ ಸಿಗುವುದು ಹೆಚ್ಚುಕಡಿಮೆ ಎರಡು ಹನಿ. ಒಂದೊಂದರ ತೂಕ ನಾಲ್ಕು ಮಿಲಿಗ್ರಾಂ, ಹತ್ತು ಗ್ರಾಂ ಗುಂಡಿನ ಎರಡೂವರೆ ಸಾವಿರದ ಒಂದು ಪಾಲು. ಗುಂಡಿನ ದಾರಿ ಬದಲಿಸಲು ಇದು ಏನೇನೂ ಸಾಲದು. ತೊಂದರೆ ಕೊಡುವುದು ಬಂದೂಕಿನ ಮೇಲಿನ ದೂರದರ್ಶಕದ ಗಾಜಿನ ಮೇಲೆ ಕೂತ ಹನಿ ಮತ್ತು ಗುರಿಕಾರನ ಉಸಿರಿನಿಂದ ಕವಿಯುವ ಮಬ್ಬು.

ನಿಜವಾದ ಕಷ್ಟ ಶುರುವಾಗುವುದು ಗುಂಡು ಹಾರಿದ ಮೇಲೆ. ಎದೆಗೆ ಸರಿಯಾಗಿ ಪೆಟ್ಟು ಬಿದ್ದ ಜಿಂಕೆಯೂ ನಿಂತಲ್ಲೇ ಬೀಳಬೇಕೆಂದಿಲ್ಲ, ಎಷ್ಟೋ ಸಲ ಐವತ್ತು ಅರವತ್ತು ಮೀಟರ್ ಓಡುತ್ತದೆ. ಟಾಂಗಸ್‌ನ ಪೊದೆಗಳಲ್ಲಿ ಅಷ್ಟು ದೂರ ಸಾಕು, ಕಣ್ಮರೆಯಾಗಲು. ಪೆಟ್ಟು ಬಿದ್ದ ಪ್ರಾಣಿಯನ್ನು ಕೂಡಲೇ ಅಟ್ಟಬಾರದು, ಅರ್ಧ ಗಂಟೆ ಬಿಟ್ಟರೆ ಅದು ಹತ್ತಿರದಲ್ಲೇ ಮಲಗಿಬಿಡುತ್ತದೆ ಎಂಬುದು ಬೇಟೆಗಾರರ ಹಳೆಯ ಪಾಠ. ಜಡಿಮಳೆಯಲ್ಲಿ ಆ ಅರ್ಧ ಗಂಟೆಯಲ್ಲಿ ರಕ್ತದ ಗುರುತೇ ತೊಳೆದುಹೋಗುತ್ತದೆ. ಕಾದರೆ ಜಾಡು ಹೋಗುತ್ತದೆ, ಕಾಯದಿದ್ದರೆ ಜಿಂಕೆ ಹೋಗುತ್ತದೆ. ನೆಲದ ಮೇಲಿನದು ಅಳಿಸಿದರೂ ಎಲೆಯ ತಳಬದಿಯಲ್ಲಿ, ಅಡ್ಡಬಿದ್ದ ದಿಮ್ಮಿಯ ಕೆಳಗೆ, ಜಿಂಕೆಯ ಪಕ್ಕೆ ಸವರಿದ ಕಾಂಡದಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಅನುಮಾನದ ಕಲೆಗೆ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿದರೆ, ರಕ್ತದ ಕ್ಯಾಟಲೇಸ್ ಕಿಣ್ವ ಅದನ್ನು ಒಡೆದು ಆಮ್ಲಜನಕ ಹೊರಡಿಸುತ್ತದೆ, ನೊರೆ ಏಳುತ್ತದೆ.

ಕರಡಿಯ ಜಾಡು ಇನ್ನೂ ಕಠಿಣ. ಚಳಿಗಾಲದ ನಿದ್ದೆಗೆ ಮೊದಲು ಅದು ತಿಂದು ತಿಂದು ಕೊಬ್ಬಿರುತ್ತದೆ. ದಪ್ಪ ಕೊಬ್ಬು ಗಾಯದ ಬಾಯಿ ಮುಚ್ಚುತ್ತದೆ, ಹೊರಬಂದಷ್ಟನ್ನು ಉದ್ದ ರೋಮ ಹೀರಿಕೊಳ್ಳುತ್ತದೆ. ಒಣನೆಲದಲ್ಲೇ ಹನಿ ಕಾಣುವುದು ಕಷ್ಟ, ಇನ್ನು ಮಳೆಯಲ್ಲಿ ಕೇಳುವುದೇ ಬೇಡ. ನೋವಿನಿಂದ ಪೊದೆ ಸೇರಿದ ಕರಡಿ ಸಿಗದೆ ಉಳಿದರೆ ಅದರ ಯಾತನೆಯ ಜತೆಗೆ ಆ ದಾರಿಯಲ್ಲಿ ಮುಂದೆ ಬರುವವರಿಗೂ ಅಪಾಯ. ಹಾಗಾಗಿ ಜೋರು ಮಳೆಯಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ದೂರದ ಕರಡಿಗೆ ಗುಂಡು ಹಾರಿಸುವುದನ್ನು ನಾನು ಒಪ್ಪಲಾರೆ, ಅಲ್ಲಿನ ಕಾನೂನು ಒಪ್ಪಿದರೂ ಸರಿ.

ಮನುಷ್ಯನ ಕಣ್ಣು ಸೋತಲ್ಲಿ ನಾಯಿಯ ಮೂಗು ನೆರವಾಗುತ್ತದೆ. ಜಿಂಕೆಯ ಗೊರಸಿನ ಸೀಳಿನೊಳಗೆ ವಾಸನೆ ಒಸರುವ ಗ್ರಂಥಿಗಳಿವೆ, ಹೆಜ್ಜೆಹೆಜ್ಜೆಗೂ ಅದರ ಅಂಶ ನೆಲಕ್ಕೆ ಅಂಟುತ್ತದೆ. ರಕ್ತ ಕಾಣದೆ ಹೋದರೂ ತರಬೇತಾದ ನಾಯಿ ಇದನ್ನು ಹಿಡಿದು ಸಾಗಬಲ್ಲದು. ಜರ್ಮನಿಯಲ್ಲಿ ಗಾಯಗೊಂಡ ಪ್ರಾಣಿಯನ್ನು ಹುಡುಕುವುದಕ್ಕೆಂದೇ ಹ್ಯಾನೋವರ್ ತಳಿಯ ನಾಯಿಗಳನ್ನು ಬೆಳೆಸಿದ್ದಾರೆ, ಅಮೆರಿಕದ ಹಲವು ರಾಜ್ಯಗಳಲ್ಲೂ ಹಗ್ಗ ಕಟ್ಟಿದ ನಾಯಿಗೆ ಅನುಮತಿಯಿದೆ.

ಟಾಂಗಸ್‌ನ ದ್ವೀಪಗಳಲ್ಲಿ ಎಲ್ಲಿ ಯಾವ ಕರಡಿ ಎಂಬುದೂ ಮುಖ್ಯ. ಪ್ರಿನ್ಸ್ ಆಫ್ ವೇಲ್ಸ್ ದ್ವೀಪದಲ್ಲಿ ಕಪ್ಪು ಕರಡಿ ಮಾತ್ರ. ಅಡ್ಮಿರಾಲ್ಟಿ, ಬಾರನೋಫ್, ಚಿಚಗೋಫ್ ದ್ವೀಪಗಳಲ್ಲಿ ಕಂದು ಕರಡಿ ಮಾತ್ರ, ಅವುಗಳಲ್ಲಿ ಹಲವು ನವೆಂಬರ್‌ನಲ್ಲೂ ಗುಹೆ ಸೇರಿರುವುದಿಲ್ಲ. ಜಿಂಕೆಯನ್ನು ಹತ್ತಿರ ಕರೆಯಲು ಅಲ್ಲಿನವರು ಮರಿಯ ಚೀರಾಟದಂಥ ಸದ್ದಿನ ಪೀಪಿ ಊದುತ್ತಾರೆ. ಆ ಸದ್ದು ಕೇಳಿ ಎಳೆ ಮಾಂಸದ ಆಸೆಗೆ ಕರಡಿಯೂ ಬರುತ್ತದೆ. ಮಳೆಯ ಮೊರೆತದಲ್ಲಿ ಅದರ ಹೆಜ್ಜೆ ಕೇಳುವುದಿಲ್ಲ. ಅದಕ್ಕೇ ಊದುವವರು ದೊಡ್ಡ ಮರಕ್ಕೆ ಬೆನ್ನು ಕೊಟ್ಟು, ಎದುರು ಬಯಲಿರುವಂತೆ ಕೂರುವುದು ಒಳ್ಳೆಯದು. ಜಿಂಕೆ ಸಿಕ್ಕ ಮೇಲೆ ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಸುತ್ತ ಕಣ್ಣಿಡಬೇಕು. ಮಾಂಸವನ್ನು ಒಂದೇ ಸಲಕ್ಕೆ ಹೊರಲಾಗದಿದ್ದರೆ ಕರುಳಿನ ಗುಡ್ಡೆಯಿಂದ ದೂರಕ್ಕೆ ಒಯ್ದು, ದೂರದಿಂದಲೇ ಕಾಣುವ ತೆರೆದ ಜಾಗದಲ್ಲಿಡಬೇಕು. ಮರಳಿ ಬರುವಾಗ ಅಲ್ಲಿ ಕರಡಿ ಕೂತಿದ್ದರೆ ಆ ಮಾಂಸ ಅದಕ್ಕೇ ಬಿಟ್ಟು ಹಿಂದಿರುಗಬೇಕು.