ಸೀಸರ್ ಸತ್ತ ಜಾಗಕ್ಕೆ ಬೆಕ್ಕುಗಳು ಬಂದಿದ್ದು ಹೇಗೆ?

ರೋಮ್ ನಗರದ ನಡುವೆ ಲಾರ್ಗೊ ದಿ ತೊರ್ರೆ ಅರ್ಜೆಂತೀನಾ ಎಂಬ ಚೌಕವಿದೆ. ಸುತ್ತ ಬಸ್ಸು, ಟ್ರಾಮು, ಅಂಗಡಿಗಳ ಗದ್ದಲ. ನಡುವೆ, ರಸ್ತೆಗಿಂತ ಎಷ್ಟೋ ಕೆಳಗೆ, ನಾಲ್ಕು ಹಳೆಯ ದೇವಾಲಯಗಳ ಅವಶೇಷ. ಕಂಬಿಗೆ ಒರಗಿ ಇಣುಕಿದರೆ ಮುರಿದ ಕಂಬಗಳ ಮೇಲೆ ಬೆಕ್ಕುಗಳು ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಕ್ರಿಸ್ತಪೂರ್ವ 44ರ ಮಾರ್ಚ್ 15ರಂದು ಜೂಲಿಯಸ್ ಸೀಸರನನ್ನು ಇರಿದು ಕೊಂದ ಸಭಾಭವನದ ಕಲ್ಲುಗಳೂ ಇಲ್ಲೇ ಇವೆ. ಹಾಗಾಗಿ ಈ ಬೆಕ್ಕುಗಳೂ ಅದೇ ಕಾಲದಿಂದ ಇಲ್ಲೇ ಇವೆಯೇನೋ ಅನ್ನಿಸಿಬಿಡುತ್ತದೆ.

ಹಾಗೇನಿಲ್ಲ. ನೂರು ವರ್ಷದ ಹಿಂದೆ ಇಲ್ಲಿ ಈ ಹಳ್ಳವೇ ಇರಲಿಲ್ಲ. ಮನೆಗಳಿದ್ದವು, ಒಂದು ಚರ್ಚಿತ್ತು. ಹೊಸ ಕಟ್ಟಡಕ್ಕಾಗಿ 1926ರಲ್ಲಿ ಅವನ್ನೆಲ್ಲ ಕೆಡವಲು ಹೊರಟಾಗ ದೇವಾಲಯಗಳು ಸಿಕ್ಕವು. ಪ್ರಾಚೀನ ರೋಮ್ ಅಂದರೆ ಆಗ ಇಟಲಿಯ ಸರ್ವಾಧಿಕಾರಿಯಾಗಿದ್ದ ಮುಸೊಲಿನಿಗೆ ಎಲ್ಲಿಲ್ಲದ ಹೆಮ್ಮೆ. ಕಟ್ಟಡದ ಯೋಜನೆ ಕೈಬಿಟ್ಟು, ಅಗೆಸಿ, 1929ರ ಏಪ್ರಿಲ್ 21ರಂದು ತಾನೇ ಬಂದು ಉದ್ಘಾಟನೆ ಮಾಡಿದ. ಹೀಗೆ ಊರಿನ ಮಧ್ಯೆ ಗೋಡೆ ಸುತ್ತುವರಿದ ದೊಡ್ಡ ಹಳ್ಳವೊಂದು ಸಿದ್ಧವಾಯಿತು. ಗಾಡಿಗಳ ಕಾಟವಿಲ್ಲ, ನಾಯಿಗಳು ಸುಲಭಕ್ಕೆ ಇಳಿಯುವುದಿಲ್ಲ, ಸಂದುಗೊಂದು ಬೇಕಾದಷ್ಟು. ಬೆಕ್ಕುಗಳಿಗೆ ಇನ್ನೇನು ಬೇಕು?

ಬೆಕ್ಕುಗಳು ಬಂದ ಮೇಲೆ ಊಟ ಹಾಕುವವರೂ ಬಂದರು. ರೋಮ್‌ನಲ್ಲಿ ಇವರನ್ನು ಗತ್ತಾರೆ ಅನ್ನುತ್ತಾರೆ. ಹೆಚ್ಚಿನವರು ವಯಸ್ಸಾದ ಹೆಂಗಸರು. ಮನೆಯಲ್ಲಿ ಉಳಿದ ಪಾಸ್ತಾ, ಮಾಂಸದ ಚೂರು ತಂದು ಕರೆದು ಹಾಕುತ್ತಿದ್ದರು. ಹೆಸರಾಂತ ನಟಿ ಅನ್ನಾ ಮಞಾನಿ ಕೂಡ ಪಕ್ಕದ ಅರ್ಜೆಂತೀನಾ ರಂಗಮಂದಿರದಲ್ಲಿ ಕೆಲಸವಿದ್ದಾಗ ಇಲ್ಲಿಗೆ ಬಂದು ಬೆಕ್ಕುಗಳಿಗೆ ಊಟ ಹಾಕುತ್ತಿದ್ದರಂತೆ. ಆದರೆ ನಟಿಯೊಬ್ಬರು ಹಾಕಿದರೆ ಅದು ಕತೆಯಾಗುತ್ತದೆ, ಹೆಸರಿಲ್ಲದ ಮುದುಕಿ ಹಾಕಿದರೆ ಜನ ಹುಚ್ಚಿ ಅನ್ನುತ್ತಾರೆ. ಗತ್ತಾರೆಗಳಿಗೆ ಜಾಸ್ತಿ ಸಿಕ್ಕಿದ್ದು ಎರಡನೆಯದೇ.

ಊಟ ಹಾಕುವುದರಲ್ಲಿ ಒಂದು ತೊಡಕಿದೆ. ಹೊಟ್ಟೆ ತುಂಬಿದ ಬೆಕ್ಕು ಮರಿ ಹಾಕುತ್ತದೆ. ಗಬ್ಬವಾದರೆ ಸುಮಾರು ಒಂಬತ್ತೇ ವಾರ. ವರ್ಷಕ್ಕೆ ಎರಡು ಮೂರು ಸಲ. ಆ ಮರಿಗಳು ವರ್ಷ ತುಂಬುವ ಮೊದಲೇ ತಾವೂ ಮರಿ ಹಾಕಲು ತಯಾರು. ಅನ್ನ ಒಂದರಿಂದಲೇ ಬೆಕ್ಕುಗಳ ಕಷ್ಟ ತೀರುವುದಿಲ್ಲ, ಕಷ್ಟಪಡುವ ಬೆಕ್ಕುಗಳ ಸಂಖ್ಯೆ ಬೆಳೆಯುತ್ತದೆ ಅಷ್ಟೆ.

ಇದಕ್ಕೆ ದಾರಿ ತೋರಿಸಿದ್ದು 1991ರ ಆಗಸ್ಟ್‌ನಲ್ಲಿ ಇಟಲಿ ತಂದ 281ನೇ ಕಾನೂನು. ಅದು ಕೆಲವೇ ಸಾಲುಗಳಲ್ಲಿ ದೊಡ್ಡ ಮಾತು ಹೇಳಿತು. ಬೀದಿಯಲ್ಲಿ ಸ್ವತಂತ್ರವಾಗಿ ಬದುಕುವ ಬೆಕ್ಕನ್ನು ಯಾರೂ ಹಿಂಸಿಸುವಂತಿಲ್ಲ. ವಾಸಿಯಾಗದ ಅಥವಾ ತೀವ್ರವಾದ ಕಾಯಿಲೆ ಇದ್ದರೆ ಮಾತ್ರ ದಯಾಮರಣ. ಉಳಿದವನ್ನು ಸರ್ಕಾರಿ ಆರೋಗ್ಯ ಇಲಾಖೆಯ ಪಶುವೈದ್ಯರು ಮರಿಯಾಗದಂತೆ ಆಪರೇಷನ್ ಮಾಡಿ ಮತ್ತೆ ಅದೇ ಗುಂಪಿಗೆ ಬಿಡಬೇಕು. ಪ್ರಾಣಿದಯಾ ಸಂಘಗಳು ಇಲಾಖೆಯ ಒಪ್ಪಿಗೆ ಪಡೆದು ಇಂಥ ಗುಂಪುಗಳನ್ನು ನೋಡಿಕೊಳ್ಳಬಹುದು. ನಮ್ಮ ಕಡೆ ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕು ಅನ್ನುತ್ತಾರಲ್ಲ, ಆ ಭಯಕ್ಕೆ ಕೊಲ್ಲುವುದು ತಪ್ಪಿತೇ ಹೊರತು, ಮರಿಗಳನ್ನು ಚೀಲಕ್ಕೆ ತುಂಬಿ ಸಂತೆ ಮಾಳದಲ್ಲಿ ಬಿಟ್ಟು ಬರುವುದು ತಪ್ಪಲಿಲ್ಲ. ಇಟಲಿಯ ಕಾನೂನು ಆ ಎರಡನೆಯದಕ್ಕೂ ಕೈ ಹಾಕಿತು. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟರೆ ದಂಡ ಅಂತ ಬರೆಯಿತು.

ಕಾಗದದಲ್ಲಿ ಬರೆದಿದ್ದು ಹಳ್ಳಕ್ಕೆ ಇಳಿಯಬೇಕಾದರೆ ಯಾರಾದರೂ ಬೋನು ಹಿಡಿದು ಇಳಿಯಲೇಬೇಕಲ್ಲ. ತೊರ್ರೆ ಅರ್ಜೆಂತೀನಾದಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಈ ಕೆಲಸ ಮಾಡುತ್ತಾ, ಕೈಯಲ್ಲಿದ್ದ ದುಡ್ಡನ್ನೂ ಮನಸ್ಸಿನ ನೆಮ್ಮದಿಯನ್ನೂ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು. 1993ರಲ್ಲಿ ಅವರ ಸಹಾಯಕ್ಕೆಂದು ಬಂದ ಇಬ್ಬರು, ಲಿಯಾ ದೆಕ್ವೆಲ್ ಮತ್ತು ಸಿಲ್ವಿಯಾ ವಿವಿಯಾನಿ, ಅಲ್ಲೇ ನಿಂತುಬಿಟ್ಟರು. ಅವರಿಗೆ ಸಿಕ್ಕಿದ್ದು ರಸ್ತೆಯ ಅಡಿಯಲ್ಲಿದ್ದ ಗುಹೆಯಂಥ ಜಾಗ. ತಲೆ ಎತ್ತಿ ನಿಲ್ಲಲಾಗದಷ್ಟು ತಗ್ಗು, ತೇವ. ನೀರಿಲ್ಲ, ಕರೆಂಟಿಲ್ಲ. ಬೆಕ್ಕುಗಳ ಜೊತೆ ಕಾಯಿಲೆಯೂ ಧಾರಾಳವಾಗಿತ್ತು.

ಇಬ್ಬರೂ ಜಾಣೆಯರು. ಪ್ರಾಣಿಗಳಿಗಾಗಿ ದುಡಿಯುವ ಸಂಘಗಳು ಇಂಗ್ಲೆಂಡಿನಲ್ಲಿ ದುಡ್ಡು ಕೂಡಿಸುವ ರೀತಿಯನ್ನು ಕಲಿತರು. ಅವಶೇಷ ನೋಡಲು ಬರುವ ಪ್ರವಾಸಿಗರನ್ನು ಮೆಟ್ಟಿಲಿಳಿಸಿ ಕರೆತಂದು ಬೆಕ್ಕುಗಳನ್ನು ತೋರಿಸಿದರು. ಪುಟ್ಟ ಅಂಗಡಿ ಇಟ್ಟರು. ದೂರದಿಂದ ದತ್ತು ಎಂಬ ಏರ್ಪಾಡು ಮಾಡಿದರು. ಅಂದರೆ ಬೇರೆ ದೇಶದಲ್ಲಿರುವವರು ಒಂದು ಬೆಕ್ಕನ್ನು ಆರಿಸಿ ಅದರ ಊಟ, ಔಷಧಿಗೆ ಹಣ ಕಳಿಸುತ್ತಾರೆ, ಬೆಕ್ಕು ಇಲ್ಲೇ ಇರುತ್ತದೆ. ಕುರುಡು ಬೆಕ್ಕು, ಮೂರು ಕಾಲಿನ ಬೆಕ್ಕು, ವಯಸ್ಸಾದ ಬೆಕ್ಕುಗಳನ್ನು ಮನೆಗೆ ಒಯ್ಯುವವರು ಕಡಿಮೆ. ಅವುಗಳ ಖರ್ಚಿಗೆ ಇದೇ ಆಧಾರ.

ಇಂಥ ಆಶ್ರಯತಾಣಗಳಲ್ಲಿ ಎರಡು ಜಾತಿಯ ಬೆಕ್ಕುಗಳಿರುತ್ತವೆ. ನೋಡಲು ಒಂದೇ, ಸ್ವಭಾವ ಬೇರೆ. ಒಂದು, ಬೀದಿಯಲ್ಲೇ ಹುಟ್ಟಿ ಬೆಳೆದ ಕಾಡುಸ್ವಭಾವದ್ದು. ಬೆಕ್ಕಿನ ಮರಿ ಹುಟ್ಟಿದ ಎರಡನೇ ವಾರದಿಂದ ಏಳೆಂಟನೇ ವಾರದೊಳಗೆ ಮನುಷ್ಯರ ಕೈ ಅಭ್ಯಾಸವಾಗಬೇಕು. ಆ ಸಮಯ ದಾಟಿತೋ, ಪಳಗುವುದು ಬಹಳ ಕಷ್ಟ. ಅದನ್ನು ಹಿಡಿದು ಮನೆಯೊಳಗೆ ಕೂಡಿಹಾಕಿದರೆ ಮಂಚದ ಕೆಳಗೆ ಹೆದರಿ ಮುದುಡುತ್ತದೆ. ಅದು ನಮ್ಮ ದಯೆಯೇ ಹೊರತು ಅದರ ಸುಖವಲ್ಲ. ಬೋನಿನಲ್ಲಿ ಹಿಡಿದು, ಆಪರೇಷನ್ ಮಾಡಿಸಿ, ಗುರುತಿಗೆ ಕಿವಿಯ ತುದಿ ಚೂರು ಕತ್ತರಿಸಿ, ಅದರ ಜಾಗಕ್ಕೇ ಬಿಡುವುದು ಸರಿಯಾದ ದಾರಿ. ಇನ್ನೊಂದು, ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದದ್ದು. ಇದಕ್ಕೆ ಜಗಳವಾಡಿ ಊಟ ಗಿಟ್ಟಿಸಲು ಬರುವುದಿಲ್ಲ. ಹೆದರಿಕೆ ಕಳೆದ ಮೇಲೆ ಇದಕ್ಕೆ ಬೇಕಾದದ್ದು ಇನ್ನೊಂದು ಮನೆ.

2001ರಲ್ಲಿ ರೋಮ್ ನಗರಸಭೆ ಕೊಲೊಸಿಯಂ, ಫೋರಂ ಮತ್ತು ತೊರ್ರೆ ಅರ್ಜೆಂತೀನಾದ ಬೆಕ್ಕುಗಳನ್ನು ನಗರದ ಜೀವಂತ ಪರಂಪರೆಯ ಭಾಗ ಎಂದು ಘೋಷಿಸಿತು. ಗೌರವವೇನೋ ಸಿಕ್ಕಿತು, ಗುಹೆಗೆ ಪರವಾನಗಿ ಮಾತ್ರ ಸಿಗಲಿಲ್ಲ. 2012ರಲ್ಲಿ ಅದೇ ದೊಡ್ಡ ಜಗಳವಾಯಿತು. ಬೆಕ್ಕುಗಳು ಇರಲಿ, ಆದರೆ ಎರಡು ಸಾವಿರ ವರ್ಷಕ್ಕೂ ಹಳೆಯ ದೇವಾಲಯದ ಬುನಾದಿಗೆ ಅಂಟಿಕೊಂಡು ಕಟ್ಟಿದ ಕೋಣೆಗಳು ಅಕ್ರಮ, ಖಾಲಿ ಮಾಡಿ ಅಂದಿತು ಪುರಾತತ್ವ ಇಲಾಖೆ. ಇಲಾಖೆಯ ಮಾತಿನಲ್ಲಿ ಹುರುಳಿಲ್ಲ ಅನ್ನಲಾಗದು. ಸ್ಮಾರಕದೊಳಗೆ ಒಬ್ಬರಿಗೆ ಬಿಟ್ಟರೆ ನಾಳೆ ಇನ್ನೊಬ್ಬರಿಗೂ ಬಿಡಬೇಕಾಗುತ್ತದೆ, ಅಲ್ವಾ? ಆದರೆ ಔಷಧಿ ಕೊಡುವ ಕೋಣೆಯನ್ನು ಕಿತ್ತುಹಾಕಿ ಬೆಕ್ಕುಗಳು ಇರಲಿ ಅನ್ನುವುದರಲ್ಲೂ ಅರ್ಥವಿಲ್ಲ. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಆಗಿನ ಮೇಯರ್ ಜಾನ್ನಿ ಅಲೆಮಾನ್ನೊ ಬೆಕ್ಕುಗಳ ಪರ ನಿಂತರು. ಒಕ್ಕಲೆಬ್ಬಿಸುವುದು ನಿಂತಿತು. 2023ರ ಜೂನ್‌ನಲ್ಲಿ ಒಡವೆ ಮಾಡುವ ಬುಲ್ಗಾರಿ ಕಂಪನಿಯ ದುಡ್ಡಿನಲ್ಲಿ ಅವಶೇಷಗಳ ನಡುವೆ ನಡೆದಾಡುವ ಹಾದಿ ತೆರೆದಾಗಲೂ ಬೆಕ್ಕುಗಳು ಅಲ್ಲೇ ಇದ್ದವು.

ಆಪರೇಷನ್ ಮಾಡಿ ವಾಪಸ್ ಬಿಡುವ ಈ ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ. ಹವಾಯಿಯ ಲಾನಾಯಿ ದ್ವೀಪದಲ್ಲಿ ಪೆಟ್ರೆಲ್ ಎಂಬ ಅಪರೂಪದ ಕಡಲಹಕ್ಕಿ ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಅಲ್ಲಿ ಬೆಕ್ಕನ್ನು ವಾಪಸ್ ಬಿಟ್ಟರೆ ಹಕ್ಕಿ ಉಳಿಯುವುದಿಲ್ಲ. ಅದಕ್ಕೇ ನೂರಾರು ಬೆಕ್ಕುಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಸಾಕುತ್ತಾರೆ.

ರೋಮ್‌ನ ಆಪರೇಷನ್‌ಗಳಿಂದ ಏನು ಬದಲಾಯಿತು ಎಂದು ಅಲ್ಲಿನ ಪಶುವೈದ್ಯರೇ ಲೆಕ್ಕ ಹಾಕಿದ್ದಾರೆ. 1991ರಿಂದ 2000ದವರೆಗೆ ಸುಮಾರು 8,000 ಬೆಕ್ಕುಗಳಿಗೆ ಆಪರೇಷನ್ ಆಗಿತ್ತು. 103 ಗುಂಪುಗಳನ್ನು ಪರಿಶೀಲಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಒಟ್ಟು ಸಂಖ್ಯೆ ಇಳಿದಿತ್ತು. ಇಳಿಕೆ 16ರಿಂದ 32 ಶೇಕಡಾ. ಆದರೆ ಅದೇ ಗುಂಪುಗಳಿಗೆ ಹೊರಗಿನಿಂದ ಬಂದು ಸೇರಿದ ಬೆಕ್ಕುಗಳ ಪ್ರಮಾಣ ಸುಮಾರು 21 ಶೇಕಡಾ. ಅದರಲ್ಲಿ ಜನ ತಂದು ಬಿಟ್ಟವೂ ಇದ್ದವು. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಮನೆಬೆಕ್ಕುಗಳ ಸಂತಾನ ತಡೆಯಲು ಜನರಿಗೆ ತಿಳಿಹೇಳದೆ ಇದ್ದರೆ ಈ ಶ್ರಮ, ಹಣ, ಸಮಯ ಎಲ್ಲ ದಂಡ ಎಂದು ವರದಿ ಮುಲಾಜಿಲ್ಲದೆ ಹೇಳಿತು. 2004ರಲ್ಲಿ ಇಟಲಿ ಕಾನೂನನ್ನು ಇನ್ನಷ್ಟು ಬಿಗಿ ಮಾಡಿ, ಸಾಕುಪ್ರಾಣಿಯನ್ನು ಬೀದಿಗೆ ಬಿಟ್ಟವರಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 10,000 ಯೂರೋ ದಂಡ ಎಂದಿತು. ಆದರೆ ಬೀದಿಯ ಬೆಕ್ಕನ್ನು ಹಿಡಿಯುವಷ್ಟು ಸಲೀಸಲ್ಲ, ಬೆಕ್ಕು ಬಿಟ್ಟು ಹೋದವರನ್ನು ಹಿಡಿಯುವುದು.