ಮಗಳು ‘ಬಲ ಮೆದುಳಿನವಳು’ ಅಂತ ಯಾರು ಹೇಳಿದ್ದು?

ಪ್ರಶ್ನೆ: ಮಗಳು ಆರನೇ ಕ್ಲಾಸು. ಚಿತ್ರ ಚಂದ ಬಿಡಿಸುತ್ತಾಳೆ, ಗಣಿತ ಅಂದ್ರೆ ಅಳು. ಬಲ ಮೆದುಳಿನ ಹುಡುಗಿ ಅಂತಾರೆ ಟ್ಯೂಷನ್ ಸರ್. ಎಡ ಮೆದುಳು ಚುರುಕು ಮಾಡುವ ಕೋರ್ಸಿಗೆ ಧಾರವಾಡಕ್ಕೆ ಕಳಿಸಲೇ? (ಹಾವೇರಿಯ ಓದುಗರು)

ಬೇಡ್ರಿ. ಆ ದುಡ್ಡು ಉಳಿಸಿ. ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ, ಒಬ್ಬೊಬ್ಬರಲ್ಲಿ ಒಂದೊಂದು ಬದಿ ಜೋರು ಅನ್ನುವ ನಂಬಿಕೆ ಇದು. ಎಷ್ಟು ಸಲ ಉತ್ತರ ಬರೆದರೂ ಶಾಲೆ ಶುರುವಾದ ಕೂಡಲೇ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬೇರುಸಮೇತ ಕೀಳೋಣ.

1960ರ ದಶಕದಲ್ಲಿ ರೋಜರ್ ಸ್ಪೆರಿ ಎಂಬ ವಿಜ್ಞಾನಿ ಫಿಟ್ಸ್ ಕಾಯಿಲೆಯ ಕೆಲವರನ್ನು ಪರೀಕ್ಷಿಸಿದರು. ಕಾಯಿಲೆ ಹತೋಟಿಗೆ ತರಲು ಅವರ ಮೆದುಳಿನ ಎರಡು ಭಾಗ ಜೋಡಿಸುವ ನರಗಳ ಕಟ್ಟನ್ನೇ ಡಾಕ್ಟರು ಕತ್ತರಿಸಿದ್ದರು. ಆಗ ಎರಡು ಭಾಗಗಳ ಕೆಲಸ ಬೇರೆ ಬೇರೆಯಾಗಿ ಕಂಡಿತು. 1981ರಲ್ಲಿ ಸ್ಪೆರಿಗೆ ನೊಬೆಲ್ ಬಂತು. ಬಹುತೇಕ ಜನರಲ್ಲಿ ಮಾತಿನ ಕೆಲಸ ಎಡಗಡೆ ಜಾಸ್ತಿ, ಅದೂ ನಿಜ. ಆದರೆ ನಿಮ್ಮ ಮಗಳ ನರಗಳನ್ನು ಯಾರೂ ಕತ್ತರಿಸಿಲ್ಲ, ಅಲ್ವಾ?

2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್ ನೋಡಿದರು. ಕೆಲವು ಕೆಲಸ ಒಂದು ಬದಿಗೆ ವಾಲಿದ್ದವು. ಇಡೀ ಮೆದುಳೇ ಎಡಕ್ಕೋ ಬಲಕ್ಕೋ ವಾಲಿದವರು ಇದ್ದಾರೆ ಅನ್ನಲು ಪುರಾವೆ ಸಿಗಲಿಲ್ಲ. ಲೆಕ್ಕಕ್ಕೂ ಎರಡು ಬದಿ ಬೇಕು, ಚಿತ್ರಕ್ಕೂ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಹಿಂದೂಸ್ತಾನಿ ಕಲಿಯುವ ಮಕ್ಕಳು ತೀನ್‌ತಾಲದ 16 ಮಾತ್ರೆ (ತಾಳದ ಎಣಿಕೆ) ಹಿಡಿದುಕೊಂಡೇ ರಾಗ ಹಾಡುತ್ತಾರೆ. ಅದರಲ್ಲಿ ಗಣಿತ ಯಾವುದು, ಕಲೆ ಯಾವುದು ಅಂತ ನಿಮ್ಮ ಟ್ಯೂಷನ್ ಸರ್ ಬಿಡಿಸಿ ತೋರಿಸಲಿ.

ಹಾಗಾದ್ರೆ ಮೆದುಳಿನ ರಚನೆಗೂ ಬುದ್ಧಿಗೂ ಸಂಬಂಧ ಇಲ್ವಾ? ಇದೆ, ಸ್ವಲ್ಪ. ಆರು ವರ್ಷಕ್ಕೇ ಮೆದುಳಿನ ಗಾತ್ರ ದೊಡ್ಡವರದ್ದರ ಸುಮಾರು ಶೇ. 90 ಆಗಿರುತ್ತದೆ. ಆಮೇಲೆ ಮುಖ್ಯವಾಗಿ ಬದಲಾಗುವುದು ಒಳಗಿನ ಜೋಡಣೆ. 2006ರ ಒಂದು ಅಧ್ಯಯನದಲ್ಲಿ, ಬುದ್ಧಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಮಕ್ಕಳ ಮೆದುಳಿನ ಹೊರಪದರ ಮೊದಲು ತೆಳ್ಳಗಿತ್ತು, ಸುಮಾರು 11ನೇ ವಯಸ್ಸಿನ ತನಕ ದಪ್ಪವಾಗುತ್ತಾ ಹೋಯಿತು. ಉಳಿದವರಲ್ಲಿ ಅದು ಬೇಗ ನಿಂತಿತು. ಇದು ಗುಂಪಿನ ಸರಾಸರಿ. ಸ್ಕ್ಯಾನ್ ನೋಡಿ ಒಂದು ಮಗುವಿನ ಮಾರ್ಕ್ಸ್ ಹೇಳಲು ಆಗದು. ಮಗಳ ಅಳು ಭಿನ್ನರಾಶಿಯಲ್ಲಿ ಶುರುವಾಗಿದ್ದರೆ ಕಾಗದ ಮಡಚಿ, ಬಣ್ಣ ಹಚ್ಚಿಸಿ ಅಲ್ಲಿಂದಲೇ ಕಲಿಸಿ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಕಲಿಕೆಯೂ ಮೆದುಳನ್ನು ಬದಲಿಸುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಸಂಗೀತ ಕಲಿಯುವುದು ನಿಮಗೆ ಗೊತ್ತೇ ಇದೆ. ಚಿಕ್ಕಂದಿನಿಂದ ಕಣ್ಣು ಕಾಣದವರು ಬ್ರೈಲ್ ಓದುವಾಗ, ತಲೆಯ ಹಿಂಬದಿಯಲ್ಲಿ ನೋಟಕ್ಕೆಂದು ಇರುವ ಭಾಗ ಬೆರಳಿನ ಸ್ಪರ್ಶಕ್ಕೆ ಕೆಲಸ ಮಾಡುವುದು ಸ್ಕ್ಯಾನಿನಲ್ಲಿ ಕಂಡಿದೆ.