ಈ ವರ್ಷವೇ ಕಪ್ ಬೇಕಾ, ತಂಡ ಹೊಸದಾಗಿ ಕಟ್ಟಬೇಕಾ? ಮೊದಲು ಅಕ್ಟೋಬರ್‌ಗಳನ್ನು ಎಣಿಸಿ

2024ರ ಜುಲೈ 30ರಂದು ಅಮೆರಿಕದ ಬೇಸ್‌ಬಾಲ್ ತಂಡ ಡೆಟ್ರಾಯಿಟ್ ಟೈಗರ್ಸ್ ತನ್ನ ಮುಖ್ಯ ಪಿಚರ್‌ಗಳಲ್ಲಿ, ಅಂದರೆ ಚೆಂಡು ಎಸೆಯುವವರಲ್ಲಿ, ಒಬ್ಬರಾದ ಜ್ಯಾಕ್ ಫ್ಲಾಹರ್ಟಿಯನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ಬಂದವರು ಇಬ್ಬರು ಹುಡುಗರು. ಹತ್ತು ವರ್ಷದಿಂದ ಪ್ಲೇಆಫ್ ಮುಖ ನೋಡದ ತಂಡ ಅದು. ಈ ಸೀಸನ್ನೂ ಕೈಬಿಟ್ಟರು ಅಂತಲೇ ಎಲ್ಲರೂ ಅಂದುಕೊಂಡರು. ಆಗಸ್ಟ್ 10ರ ಹೊತ್ತಿಗೆ ತಂಡ 55 ಪಂದ್ಯ ಗೆದ್ದು 63 ಸೋತಿತ್ತು. ಆಮೇಲೆ ಉಳಿದ 44 ಪಂದ್ಯಗಳಲ್ಲಿ 31 ಗೆದ್ದಿತು. 86 ಗೆಲುವಿನೊಂದಿಗೆ ಪ್ಲೇಆಫ್ ಸೇರಿ, ಮೊದಲ ಸುತ್ತಿನಲ್ಲೇ ಹ್ಯೂಸ್ಟನ್ ಆಸ್ಟ್ರೋಸ್ ತಂಡವನ್ನು ಮನೆಗೆ ಕಳಿಸಿತು.

ಅದೃಷ್ಟವೂ ಇತ್ತು, ನಿಜ. ಆದರೆ ಟೈಗರ್ಸ್ ಆ ಸೀಸನ್‌ನಲ್ಲಿ ಆಮೇಲೆ ಒಂದೂ ಪಂದ್ಯ ಗೆಲ್ಲದೆ ಹೋಗಿದ್ದರೂ ಆ ಟ್ರೇಡ್ ಸರಿಯೇ ಎಂದು ನಾನು ಹೇಳುತ್ತಿದ್ದೆ. ಆಟಗಾರರ ಮುಂದಿನ ವರ್ಷಗಳ ಆಟವನ್ನು ಅಂಕಿಗಳಲ್ಲಿ ಅಂದಾಜು ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆ ಒಂದೇ. ತಂಡ ಈಗಲೇ ಕಪ್ಪಿಗೆ ಕೈಹಾಕಬೇಕಾ, ಇಲ್ಲಾ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಬೇಕಾ? ಪ್ರಶ್ನೆಯನ್ನು ಹೀಗೆ ಇಟ್ಟಾಗ ಇಡೀ ತಂಡಕ್ಕೆ ಒಂದೇ ಉತ್ತರ ಬೇಕು ಅನ್ನಿಸುತ್ತದೆ. ಹಾಗೆ ಒಂದೇ ಉತ್ತರ ಹುಡುಕಲು ಹೋಗಿಯೇ ಎಷ್ಟೋ ತಂಡಗಳು ಹಾಳಾಗಿವೆ.

ಐಪಿಎಲ್ ನೋಡಿ ಬೆಳೆದವರಿಗೆ ಇಲ್ಲೊಂದು ವಿಷಯ ಹೇಳಬೇಕು. ಅಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬರುತ್ತದೆ. ನಾಲ್ಕಾರು ಆಟಗಾರರನ್ನು ಉಳಿಸಿಕೊಂಡು ಎಲ್ಲ ತಂಡಗಳೂ ಒಟ್ಟಿಗೆ ಹೊಸದಾಗಿ ಶುರು ಮಾಡುತ್ತವೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಥ ಹರಾಜು ಇಲ್ಲ. ಒಬ್ಬ ಹುಡುಗ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷ ಅದೇ ತಂಡದ ಕೈಯಲ್ಲಿರುತ್ತಾನೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಆಡುತ್ತಾನೆ. 2025ರಲ್ಲಿ ಆ ಕನಿಷ್ಠ ಮೊತ್ತ 7.6 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಸಂಬಳ ಏರುತ್ತಾ ಹೋಗುತ್ತದೆ, ತಂಡದ ಜೊತೆ ಮಾತು ಕೂಡದಿದ್ದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಅದಾದ ಮೇಲೆ ಅವನು ಫ್ರೀ ಏಜೆಂಟ್, ಯಾರು ಹೆಚ್ಚು ಕೊಡುತ್ತಾರೋ ಅಲ್ಲಿಗೆ ಹೋಗಬಹುದು.

ಆದ್ದರಿಂದ ನಾನು ಮೊದಲು ಗೆಲುವು-ಸೋಲಿನ ಪಟ್ಟಿ ನೋಡುವುದಿಲ್ಲ. ಒಳ್ಳೆಯ ಆಟಗಾರರ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಇನ್ನೆಷ್ಟು ವರ್ಷ ನಮ್ಮ ಹತ್ತಿರ ಇರುತ್ತಾರೆ ಎಂದು ಬರೆಯುತ್ತೇನೆ. ಫ್ಲಾಹರ್ಟಿ ಮುಂದೆ ಇದ್ದದ್ದು ಎರಡು ತಿಂಗಳು. ಅದೇ ತಂಡದ ಎಡಗೈ ಪಿಚರ್ ತಾರಿಕ್ ಸ್ಕೂಬಲ್ ಮುಂದೆ 2026ರವರೆಗೆ ಎಂದಿತ್ತು. ಆ ಜುಲೈನಲ್ಲಿ ಸ್ಕೂಬಲ್‌ರನ್ನೂ ಮಾರಿಬಿಡಿ ಅನ್ನುವ ಮಾತು ಜೋರಾಗಿಯೇ ಇತ್ತು. ಟೈಗರ್ಸ್ ಒಬ್ಬರನ್ನು ಕೊಟ್ಟು ಇನ್ನೊಬ್ಬರನ್ನು ಇಟ್ಟುಕೊಂಡಿತು. ಸ್ಕೂಬಲ್ ಆ ವರ್ಷ 18 ಪಂದ್ಯ ಗೆದ್ದು, ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಒಂದೂ ಮತ ಬಿಡದೆ ಪಡೆದರು. ಫ್ಲಾಹರ್ಟಿಗೆ ಬದಲಾಗಿ ಬಂದ ಟ್ರೇ ಸ್ವೀನಿ ಆಗಸ್ಟ್‌ನಲ್ಲೇ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ ನಿಂತರು.

ಇನ್ನು ಲೆಕ್ಕ. 2022ರಿಂದ ಪ್ಲೇಆಫ್‌ಗೆ 12 ತಂಡಗಳು ಹೋಗುತ್ತವೆ. ತನ್ನ ವಿಭಾಗದಲ್ಲಿ ಮೊದಲು ಬರದೆ ವೈಲ್ಡ್ ಕಾರ್ಡ್ ಆಗಿ ಹೋದ ತಂಡ ಕಪ್ ಎತ್ತಬೇಕಾದರೆ ಸತತ ನಾಲ್ಕು ಸರಣಿ ಗೆಲ್ಲಬೇಕು. ಪ್ರತಿ ಸರಣಿಯಲ್ಲೂ ಅರ್ಧಕ್ಕರ್ಧ ಸಾಧ್ಯತೆ ಎಂದುಕೊಂಡರೆ ಕಪ್ ಸಿಗುವುದು 16ರಲ್ಲಿ ಒಂದು ಸಲ. ಬಲಿಷ್ಠ ತಂಡಕ್ಕೆ ಮೊದಲ ಸುತ್ತಿನ ರಜೆ ಸಿಕ್ಕಿ, ಉಳಿದ ಮೂರು ಸರಣಿಗಳಲ್ಲಿ ತಲಾ 60 ಪರ್ಸೆಂಟ್ ಅವಕಾಶ ಇದ್ದರೂ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2022ರಲ್ಲಿ 111 ಪಂದ್ಯ ಗೆದ್ದ ಡಾಡ್ಜರ್ಸ್ ತಂಡವನ್ನು 89 ಗೆದ್ದ ಸ್ಯಾನ್ ಡಿಯಾಗೊ ಹೊರಗಟ್ಟಿತು. 2023ರಲ್ಲಿ 84 ಪಂದ್ಯ ಗೆದ್ದ ಅರಿಜೋನಾ ಕಪ್ಪಿನ ಫೈನಲ್ ಆದ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು.

ಅಂದರೆ ಒಂದೇ ಒಂದು ವರ್ಷಕ್ಕೆ ಎಲ್ಲವನ್ನೂ ಸುರಿದರೆ ಸಿಗುವುದು ಕಡಿಮೆ. ಬೇಸ್‌ಬಾಲ್‌ನ ಪ್ಲೇಆಫ್ ನಡೆಯುವುದು ಅಕ್ಟೋಬರ್‌ನಲ್ಲಿ. ಹತ್ತರಲ್ಲಿ ಒಂದು ಅವಕಾಶ ಇರುವ ತಂಡ ಐದು ಅಕ್ಟೋಬರ್ ಆಡಿದರೆ, ಒಮ್ಮೆಯಾದರೂ ಕಪ್ ಗೆಲ್ಲುವ ಸಾಧ್ಯತೆ ಸುಮಾರು 40 ಪರ್ಸೆಂಟ್ ಆಗುತ್ತದೆ. ಅದಕ್ಕೇ ಯಾವ ಟ್ರೇಡ್ ಬಂದರೂ ನಾನು ಕೇಳುವುದು, ಇದರಿಂದ ಎಷ್ಟು ಅಕ್ಟೋಬರ್ ಸೇರುತ್ತವೆ, ಎಷ್ಟು ಕಳೆಯುತ್ತವೆ ಎಂದು. ಫ್ಲಾಹರ್ಟಿ ಹೋದದ್ದರಿಂದ ಮುಂದಿನ ಅಕ್ಟೋಬರ್ ಒಂದೂ ಕಳೆಯಲಿಲ್ಲ. ಹೇಗಿದ್ದರೂ ಅವರು ಹೋಗುವವರೇ ಆಗಿದ್ದರು. ಅಷ್ಟೇ ಅಲ್ಲ, ಅವರು ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು, ಮರುವರ್ಷ ಡೆಟ್ರಾಯಿಟ್‌ಗೇ ವಾಪಸ್ ಬಂದರು.

ಇದಕ್ಕೆ ತದ್ವಿರುದ್ಧ ನಡೆದದ್ದು ಲಾಸ್ ಏಂಜಲೀಸ್ ಏಂಜಲ್ಸ್ ತಂಡದಲ್ಲಿ, 2023ರಲ್ಲಿ. ಪಿಚರ್ ಆಗಿಯೂ ಬ್ಯಾಟರ್ ಆಗಿಯೂ ಆಡುವ ಶೋಹೇ ಓತಾನಿ ಆ ಸೀಸನ್ ಮುಗಿದ ಮೇಲೆ ಫ್ರೀ ಏಜೆಂಟ್ ಆಗುವವರಿದ್ದರು. ತಂಡದ ಗೆಲುವು ಸೋಲಿಗಿಂತ ಸ್ವಲ್ಪ ಜಾಸ್ತಿ ಇತ್ತು. ಓತಾನಿಯನ್ನು ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ಮಾರನೇ ದಿನವೇ ಅವರು ಡೆಟ್ರಾಯಿಟ್‌ನಲ್ಲಿ ಒಂದು ಪಂದ್ಯದಲ್ಲಿ ಎದುರಾಳಿಗೆ ಒಂದೇ ಹಿಟ್ ಬಿಟ್ಟುಕೊಟ್ಟು ಇಡೀ ಪಂದ್ಯ ಪಿಚ್ ಮಾಡಿ, ಅದೇ ದಿನದ ಎರಡನೇ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದರು. ಅಂಥ ಆಟಗಾರನನ್ನು ಕೊಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಉಳಿಸಿಕೊಂಡದ್ದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಅದರ ಮೇಲೆ ಇನ್ನೂ ಸುರಿದರು. ಷಿಕಾಗೊ ವೈಟ್ ಸಾಕ್ಸ್‌ನಿಂದ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಎಂಬ ಇಬ್ಬರು ಪಿಚರ್‌ಗಳನ್ನು ತಂದರು. ಇಬ್ಬರಿಗೂ ಉಳಿದಿದ್ದದ್ದು ಎರಡೇ ತಿಂಗಳು. ಬದಲಿಗೆ ಕೊಟ್ಟದ್ದು ಎಡ್ಗರ್ ಕ್ವೆರೊ ಎಂಬ ಎಳೆಯ ಕ್ಯಾಚರ್ (ಕ್ರಿಕೆಟ್‌ನ ವಿಕೆಟ್‌ಕೀಪರ್ ಇದ್ದ ಹಾಗೆ) ಮತ್ತು ಒಬ್ಬ ಪಿಚರ್. ಆಗಸ್ಟ್‌ನಲ್ಲಿ ಸಾಲು ಸಾಲು ಸೋಲು. ಓತಾನಿಯ ಮೊಣಕೈ ಸ್ನಾಯುಬಂಧ ಹರಿಯಿತು. ತಿಂಗಳ ಕೊನೆಗೆ ಆ ಇಬ್ಬರೂ ಪಿಚರ್‌ಗಳನ್ನು ಸುಮ್ನೆ ಬಿಟ್ಟುಕೊಟ್ಟರು. ತಂಡ 73 ಗೆದ್ದು 89 ಸೋತಿತು. ಓತಾನಿ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದರು. ಏಂಜಲ್ಸ್‌ಗೆ ಉಳಿದದ್ದು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಲ್ಲಿ, ಒಂದು ಆಯ್ಕೆ.

ಹಾಗಾದರೆ ಎಲ್ಲ ಬಿಚ್ಚಿ ಕಟ್ಟುವುದೇ ಜಾಣತನವಾ? ಆ ವಾದ ಮಾಡುವವರು ಹ್ಯೂಸ್ಟನ್ ಆಸ್ಟ್ರೋಸ್ ಕಡೆ ಬೆರಳು ತೋರಿಸುತ್ತಾರೆ. 2011ರಿಂದ ಮೂರು ವರ್ಷ 106, 107, 111 ಸೋಲು, ಆಮೇಲೆ 2017ರಲ್ಲಿ ಕಪ್. ಆದರೆ ಆ ಕಪ್ ಗೆದ್ದ ತಂಡದ ಹೊಸೆ ಅಲ್ಟೂವೆ, ಜಾರ್ಜ್ ಸ್ಪ್ರಿಂಗರ್, ಡಲಸ್ ಕೈಕಲ್ ಮೂವರೂ 2011ರ ಕೊನೆಯಲ್ಲಿ ಹೊಸ ಆಡಳಿತ ಬರುವ ಮೊದಲೇ ಅಲ್ಲಿದ್ದವರು. ಆಗ ಹೆಚ್ಚು ಸೋತ ತಂಡಕ್ಕೇ ಡ್ರಾಫ್ಟ್‌ನಲ್ಲಿ ಮೊದಲ ಸರದಿ; ಹಾಗೆ ಸೋತು ಸೋತು ಗಳಿಸಿದ ಮೊದಲ ಆಯ್ಕೆಗಳಲ್ಲಿ ಕಾರ್ಲೋಸ್ ಕೊರೆಯಾ ತಾರೆಯಾದರು, ನಿಜ. 2013ರ ಮೊದಲ ಆಯ್ಕೆ ಮಾರ್ಕ್ ಅಪೆಲ್ ಆ ತಂಡಕ್ಕೆ ಒಂದೂ ಮೇಜರ್ ಲೀಗ್ ಪಂದ್ಯ ಆಡಲಿಲ್ಲ. ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಮಾಡುವ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದ ಹಗರಣ ಆ 2017ರ ಕಪ್ಪಿಗೇ ಅಂಟಿಕೊಂಡಿದೆ ಅನ್ನುವುದನ್ನೂ ಮರೆಯುವಂತಿಲ್ಲ.

ವೈಟ್ ಸಾಕ್ಸ್ ಕಥೆ ನನಗೆ ಹೆಚ್ಚು ನೋವು ಕೊಡುತ್ತದೆ. 2016ರ ಡಿಸೆಂಬರ್‌ನಲ್ಲಿ ಅವರು ಪಿಚರ್ ಕ್ರಿಸ್ ಸೇಲ್‌ರನ್ನು ಬಾಸ್ಟನ್‌ಗೆ, ಆಡಮ್ ಈಟನ್‌ರನ್ನು ವಾಷಿಂಗ್ಟನ್‌ಗೆ ಕೊಟ್ಟರು. ಸೇಲ್ 2018ರಲ್ಲಿ ಕಪ್ ಗೆದ್ದರು, ಈಟನ್ 2019ರಲ್ಲಿ. ಈಟನ್‌ಗೆ ಬದಲಾಗಿ ಷಿಕಾಗೊಗೆ ಬಂದವರಲ್ಲಿ ಜಿಯೊಲಿಟೊ ಮತ್ತು ಲೋಪೆಜ್ ಇದ್ದರು. ಮೇಲೆ ಏಂಜಲ್ಸ್ ಎರಡು ತಿಂಗಳಿಗೆ ಕೊಂಡದ್ದು ಇವರನ್ನೇ! ಬಂದ ಹುಡುಗರೆಲ್ಲ ಆ ಕಾಲಕ್ಕೆ ದೊಡ್ಡ ಹೆಸರಿನವರು. ಇಷ್ಟೆಲ್ಲ ಮಾಡಿ ಸಿಕ್ಕ ಅಕ್ಟೋಬರ್ ಎರಡು, 2020 ಮತ್ತು 2021. ಒಂದೂ ಸರಣಿ ಗೆಲ್ಲಲಿಲ್ಲ. 2024ರಲ್ಲಿ 121 ಸೋಲು. ಆಧುನಿಕ ಬೇಸ್‌ಬಾಲ್‌ನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. ಅಷ್ಟು ಸೋತದ್ದಕ್ಕೂ ಮೊದಲ ಆಯ್ಕೆ ಸಿಗಲಿಲ್ಲ. ಈಗ ಡ್ರಾಫ್ಟ್‌ನ ಮೊದಲ ಆರು ಆಯ್ಕೆಗಳು ಲಾಟರಿಯಲ್ಲಿ ನಿರ್ಧಾರವಾಗುತ್ತವೆ. ಹಿಂದಿನ ವರ್ಷ ಲಾಟರಿ ಆಯ್ಕೆ ಪಡೆದಿದ್ದ ಕಾರಣ ಅವರಿಗೆ ನಿಯಮದ ಪ್ರಕಾರ ಮತ್ತೆ ಅವಕಾಶ ಇರಲಿಲ್ಲ. 2025ರಲ್ಲಿ ಸಿಕ್ಕದ್ದು ಹತ್ತನೇ ಆಯ್ಕೆ.

ಬಾಲ್ಟಿಮೋರ್ 2018ರಿಂದ 2021ರ ನಡುವೆ ಮೂರು ಸೀಸನ್‌ಗಳಲ್ಲಿ 115, 108, 110 ಸೋತು 2023ರಲ್ಲಿ 101 ಗೆದ್ದಿತು. ಅಲ್ಲೂ ಎರಡು ಅಕ್ಟೋಬರ್, ಆಡಿದ ಐದೂ ಪ್ಲೇಆಫ್ ಪಂದ್ಯ ಸೋಲು. ಇಷ್ಟು ವರ್ಷ ಖಾಲಿ ಕುರ್ಚಿಗಳ ಮುಂದೆ ತಂಡ ಆಡಿಸುವುದು ಆ ಊರಿನ ಜನರಿಗೆ ಮಾಡುವ ಅನ್ಯಾಯ. ಒಂದು ಮಗು ಆರನೇ ವಯಸ್ಸಿನಿಂದ ಹತ್ತನೇ ವಯಸ್ಸಿನವರೆಗೆ ಸೋಲನ್ನೇ ನೋಡುತ್ತದೆ ಅಲ್ವಾ? ನನ್ನ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇಲ್ಲ. ಆದರೂ ಸಲಹೆ ಕೊಡುವಾಗ ಅದನ್ನು ಹೇಳದೆ ಇರುವುದಿಲ್ಲ.

ಈಗ ಡೆಟ್ರಾಯಿಟ್ ಇರುವ ಮಿಶಿಗನ್‌ ರಾಜ್ಯದಲ್ಲಿರುವ ಕನ್ನಡದ ಗೆಳೆಯರು ಕೇಳುವ ಪ್ರಶ್ನೆಗೆ ಬರುತ್ತೇನೆ. ಸ್ಕೂಬಲ್‌ರನ್ನು ಏನು ಮಾಡಬೇಕು? 2025ರಲ್ಲೂ ಅವರಿಗೇ ಸೈ ಯಂಗ್ ಸಿಕ್ಕಿತು. ಟೈಗರ್ಸ್ 87 ಗೆದ್ದು ಮತ್ತೆ ಪ್ಲೇಆಫ್ ಆಡಿತು. ಈಗ ಸ್ಕೂಬಲ್ ಹೆಸರಿನ ಮುಂದೆ ಉಳಿದಿರುವುದು 2026 ಒಂದೇ.

ಇದಕ್ಕೆ ಹತ್ತಿರದ ಉದಾಹರಣೆ ಪಿಚರ್ ಕಾರ್ಬಿನ್ ಬರ್ನ್ಸ್. ಒಂದು ವರ್ಷ ಉಳಿದಿರುವಾಗ, 2024ರ ಫೆಬ್ರವರಿಯಲ್ಲಿ, ಮಿಲ್ವಾಕಿ ಬ್ರೂಯರ್ಸ್ ಅವರನ್ನು ಬಾಲ್ಟಿಮೋರ್‌ಗೆ ಕೊಟ್ಟಿತು. ಜೋಯಿ ಓರ್ಟಿಜ್, ಡಿ.ಎಲ್. ಹಾಲ್ ಎಂಬ ಇಬ್ಬರು ಆಟಗಾರರು ಮತ್ತು ಒಂದು ಡ್ರಾಫ್ಟ್ ಆಯ್ಕೆ ವಾಪಸ್ ಬಂತು. ಬರ್ನ್ಸ್ ಪ್ಲೇಆಫ್‌ನಲ್ಲಿ ಎಂಟು ಇನ್ನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರು, ಬಾಲ್ಟಿಮೋರ್ 1-0ಯಿಂದ ಸೋತಿತು. ಅವರನ್ನು ಕೊಟ್ಟ ಮಿಲ್ವಾಕಿ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲು ಬಂತು, ಮರುವರ್ಷ 97 ಗೆದ್ದಿತು. ಇದನ್ನು ನೋಡಿ ಮಾರುವುದೇ ಸರಿ ಅನ್ನಬಹುದು. ಆದರೆ ಇದೇ ಮಿಲ್ವಾಕಿ 2022ರ ಆಗಸ್ಟ್ 1ರಂದು, ವಿಭಾಗದಲ್ಲಿ ಮುಂದಿರುವಾಗಲೇ, ಕೊನೆಯ ಇನ್ನಿಂಗ್ಸ್‌ನ ಪಿಚರ್ ಜಾಶ್ ಹೇಡರ್‌ರನ್ನು ಮಾರಿತ್ತು. ಆಮೇಲೆ ತಂಡ ಕುಸಿದು ಒಂದೇ ಪಂದ್ಯದ ಅಂತರದಿಂದ ಪ್ಲೇಆಫ್ ಕಳೆದುಕೊಂಡಿತು. ಚಳಿಗಾಲದಲ್ಲಿ ಮಾರುವುದಕ್ಕೂ ಗೆಲ್ಲುತ್ತಿರುವ ತಂಡವನ್ನು ನಡುವೆ ಒಡೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ನನ್ನ ಅಭಿಪ್ರಾಯ, ಸ್ಕೂಬಲ್‌ರನ್ನು ಇಟ್ಟುಕೊಂಡೇ 2026 ಶುರು ಮಾಡಬೇಕು. ರೈಲಿ ಗ್ರೀನ್ 2028ರವರೆಗೆ ಇದ್ದಾರೆ. ಕೋಲ್ಟ್ ಕೀತ್ ದೀರ್ಘ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಕೆವಿನ್ ಮೆಕ್‌ಗೋನಿಗಲ್, ಮ್ಯಾಕ್ಸ್ ಕ್ಲಾರ್ಕ್‌ರಂಥ ಹುಡುಗರು ಕೆಳಗಿನಿಂದ ಬರುತ್ತಿದ್ದಾರೆ. 2027ರ ನಂತರದ ಅಕ್ಟೋಬರ್‌ಗಳನ್ನು ಕಟ್ಟಬೇಕಾದವರು ಇವರು, ಮತ್ತು ಇವರಲ್ಲಿ ಯಾರನ್ನೂ ಸ್ಕೂಬಲ್ ಕಾರಣಕ್ಕೆ ಕಳೆದುಕೊಳ್ಳುತ್ತಿಲ್ಲ. ಹಾಗೆಯೇ, ಸ್ಕೂಬಲ್ ಇದ್ದಾರೆಂದು ಈ ಹುಡುಗರನ್ನು ಎರಡು ತಿಂಗಳ ಆಟಗಾರರಿಗಾಗಿ ಕೊಡಲೂಬಾರದು. 2025ರ ಪ್ಲೇಆಫ್‌ನಲ್ಲಿ ಸಿಯಾಟಲ್ ವಿರುದ್ಧದ ಸರಣಿಯಲ್ಲಿ ಸ್ಕೂಬಲ್ ಎಸೆದ ಎರಡೂ ಪಂದ್ಯಗಳನ್ನು ಟೈಗರ್ಸ್ 3-2ರಿಂದ ಸೋತಿತು. ಕೊನೆಯದರಲ್ಲಿ ಅವರು ಆರು ಇನ್ನಿಂಗ್ಸ್‌ನಲ್ಲಿ 13 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದರು, ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದ ಪಂದ್ಯ 15 ಇನ್ನಿಂಗ್ಸ್‌ವರೆಗೆ ಹೋಗಿತ್ತು. ಒಬ್ಬ ಪಿಚರ್ ಎಷ್ಟೇ ದೊಡ್ಡವರಾದರೂ ಸರಣಿಯನ್ನು ಒಬ್ಬರೇ ಗೆಲ್ಲಿಸಲಾರರು.

ಜುಲೈ ಕೊನೆಗೆ ತಂಡ ಪ್ಲೇಆಫ್ ಓಟದಿಂದ ನಿಜವಾಗಿ ಹೊರಗೆ ಬಿದ್ದಿದ್ದರೆ ಆಗ ಮಾತು ಬೇರೆ. ಬೆಲೆಯನ್ನು ಈಗಲೇ ಬರೆದಿಡಬೇಕು. ಮುಂದಿನ ವರ್ಷವೇ ಮೇಜರ್ ಲೀಗ್‌ನಲ್ಲಿ ಆಡಬಲ್ಲ, ಆರೂ ವರ್ಷ ಬಾಕಿ ಇರುವ ಇಬ್ಬರು ಆಟಗಾರರು ಬೇಕು. ಅದಕ್ಕಿಂತ ಕಡಿಮೆಗೆ ಒಪ್ಪಬಾರದು. ಅಷ್ಟು ಕೊಡುವ ತಂಡ ಸಿಗದಿದ್ದರೆ ಸ್ಕೂಬಲ್ ಸೆಪ್ಟೆಂಬರ್ ಮುಗಿಯುವವರೆಗೂ ಡೆಟ್ರಾಯಿಟ್‌ನಲ್ಲೇ ಆಡಲಿ, ಅವರು ಬೇರೆ ಕಡೆ ಹೋದಾಗ ಬರುವ ಹೆಚ್ಚುವರಿ ಡ್ರಾಫ್ಟ್ ಆಯ್ಕೆಯನ್ನು ತಂಡ ತೆಗೆದುಕೊಳ್ಳಲಿ.